ಮೇಲುಕೋಟೆಯ ಇನ್ನೊಂದು ಪ್ರದಕ್ಷಿಣೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಮೇಲುಕೋಟೆಗೆ ಹೋದವರಿಗೆ ಕಲ್ಯಾಣಿಯ ಆಸುಪಾಸಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಅದೇ ದೇವರ ಮೊದಲ ಅನುಗ್ರಹ. ಬೆಂಗಳೂರಿನಿಂದ ನಸುಕಿಗೇ ಹೊರಟವರು, ಮೈಸೂರಿನಲ್ಲಿ ತಿಂಡಿ ಮುಗಿಸಿ ಬಂದವರು, ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಬಂದ ಜೋಡಿಗಳು ಎಲ್ಲರೂ ಅಲ್ಲಿರುತ್ತಾರೆ. ಮೆಟ್ಟಿಲು ಹತ್ತಿ ಯೋಗಾನರಸಿಂಹನಿಗೆ ಕೈಮುಗಿದು, ಇಳಿದು ಚೆಲುವನಾರಾಯಣನ ದರ್ಶನ ಮಾಡಿ, ರಾಯಗೋಪುರದ ಕಂಬಗಳ ನಡುವೆ ನಿಂತು ಮೊಬೈಲಿಗೆ ಮುಖ ಕೊಟ್ಟು, ಪುಳಿಯೋಗರೆ, ಸಕ್ಕರೆ ಪೊಂಗಲ್ ಕಟ್ಟಿಸಿಕೊಂಡು ಊಟದ ಹೊತ್ತಿಗೆಲ್ಲ ಬೆಟ್ಟ ಇಳಿದುಬಿಡುತ್ತಾರೆ. ಬಂದವರಲ್ಲಿ ಹೆಚ್ಚಿನವರಿಗೆ ತಾವು ಒಂದು ವನ್ಯಜೀವಿಧಾಮದ ನಡುವೆ ಹೊಕ್ಕು ಹೊರಬಂದೆವೆಂಬುದು ಗೊತ್ತೇ ಆಗುವುದಿಲ್ಲ.

ಗೊತ್ತಾಗದಿರುವುದು ಅವರ ತಪ್ಪಲ್ಲ. ಮೇಲುಕೋಟೆ ದೇವಾಲಯ ವನ್ಯಜೀವಿಧಾಮ ಎಂಬ ಹೆಸರಿನಲ್ಲಿ 1974ರಲ್ಲಿ ಘೋಷಣೆಯಾದ ಈ ಕಾಡಿನ ವಿಸ್ತೀರ್ಣ 49.82 ಚದರ ಕಿಲೋಮೀಟರ್. ನಾರಾಯಣದುರ್ಗದ ಬೆಟ್ಟವೂ ಅದರೊಳಗೇ ಬರುತ್ತದೆ. ಹುಲಿ, ಆನೆಗಳ ಹೆಸರಿನಲ್ಲಿ ಕಾಡು ಕಾಯುವ ರೂಢಿಯಿರುವ ರಾಜ್ಯದಲ್ಲಿ ಇದನ್ನು ಕಾಯಲು ಹೊರಟದ್ದು ತೋಳಕ್ಕಾಗಿ. ಪಂಚತಂತ್ರದ ಕಾಲದಿಂದಲೂ ಕೆಟ್ಟ ಹೆಸರೇ ಹೊತ್ತ, ಕುರಿ ಸಾಕುವವರ ಶಾಪಕ್ಕೆ ಗುರಿಯಾದ ಪ್ರಾಣಿಗೆ ಐವತ್ತು ವರ್ಷಗಳ ಹಿಂದೆಯೇ ಇಂಥ ಜಾಗ ಮೀಸಲಿಟ್ಟರಲ್ಲ, ಅದು ಮೆಚ್ಚಬೇಕಾದ ಕೆಲಸ. ಆದರೆ ಮೀಸಲಿಟ್ಟ ಮೇಲೆ ಆ ತೋಳದ ಗತಿ ಏನಾಯಿತೆಂದು ಕೇಳಿದವರು ಕಡಿಮೆ. ಇತ್ತೀಚೆಗೆ ಕೊಪ್ಪಳ ಜಿಲ್ಲೆಯ ಬಂಕಾಪುರದ ಬಳಿ 332 ಹೆಕ್ಟೇರ್ ಜಾಗವನ್ನು ತೋಳಧಾಮವೆಂದು ಗುರುತಿಸಿದಾಗ ಅದು ರಾಜ್ಯಕ್ಕೇ ಮೊದಲನೆಯದು ಎಂದು ಸುದ್ದಿಯಾಯಿತು. ಮೇಲುಕೋಟೆಯ ಹೆಸರು ಆ ಸಂಭ್ರಮದಲ್ಲಿ ಹೆಚ್ಚು ಕೇಳಿಬರಲಿಲ್ಲ.

ಈ ಕಾಡನ್ನು ಕಾಲ್ನಡಿಗೆಯವರಿಗೆ ಬಿಟ್ಟುಕೊಡಬೇಕು ಎಂಬುದು ಇಲ್ಲಿಯ ವಾದ. ಜೀಪಿನ ಸಫಾರಿ ಬೇಡ, ಕಾಂಕ್ರೀಟು ಮೆಟ್ಟಿಲು ಬೇಡ, ಗಾಜಿನ ಸೇತುವೆಯಂತೂ ಬೇಡವೇ ಬೇಡ. ಇರುವ ಹಳೆಯ ಕಾಲುದಾರಿಯಲ್ಲಿ, ದಾರಿ ಬಲ್ಲ ಊರಿನವರ ಜೊತೆಗೆ, ದಿನಕ್ಕೆ ಬೆರಳೆಣಿಕೆಯ ಮಂದಿ ನಡೆಯಲು ಅವಕಾಶವಾದರೆ ಸಾಕು.

ಹಾಗೆ ನಡೆದರೆ ಕಾಣುವುದೇನು? ಆಗುಂಬೆ, ಕುದುರೆಮುಖದ ಹಸಿರಿಗೆ ಒಗ್ಗಿದ ಕಣ್ಣಿಗೆ ಇದು ಕಾಡೇ ಅನ್ನಿಸುವುದಿಲ್ಲ. ಆಕಾಶ ಮುಚ್ಚುವ ಮರಗಳಿಲ್ಲ, ಝರಿಗಳಿಲ್ಲ, ಜಿಗಣೆಯೂ ಇಲ್ಲ (ಇದು ಕೆಲವರಿಗೆ ಸಮಾಧಾನದ ಸಂಗತಿ). ಬಂಡೆ, ಬಂಡೆಯ ಸಂದಿಗೆ ಬೇರಿಳಿಸಿದ ಬಸರಿ, ಮುಳ್ಳು ಚಾಚಿದ ಕಾರೆ, ಕಗ್ಗಲಿ, ಬೋಳು ಕೊಂಬೆಯ ಮುತ್ತುಗ, ಕಾಲಿಗೆ ತೊಡರುವ ಲಂಟಾನ. ಏಪ್ರಿಲ್‌ನಲ್ಲಿ ಬಂದವರಿಗೆ ಎಲ್ಲವೂ ಒಣಗಿ ಸತ್ತಂತೆ ಕಾಣುತ್ತದೆ. ಅದೇ ಜಾಗಕ್ಕೆ ಎರಡು ಮಳೆ ಬಿದ್ದ ಮೇಲೆ ಬಂದರೆ ಇದು ಅದೇ ಬೆಟ್ಟವೇ ಎಂಬ ಅನುಮಾನ ಬರುವಷ್ಟು ಚಿಗುರಿರುತ್ತದೆ. ಪುರಾತನ ಸಸ್ಯಕುಲಕ್ಕೆ ಸೇರಿದ ಸೈಕಾಸ್ ಕೂಡ ಇಲ್ಲಿದೆ. ನೋಡಲು ಕುಳ್ಳ ಈಚಲಿನಂತಿದ್ದರೂ ಈಚಲಿಗೂ ಅದಕ್ಕೂ ನೆಂಟಸ್ತನವಿಲ್ಲ. ಹೂ ಬಿಡುವ ಗಿಡಗಳು ಭೂಮಿಗೆ ಬರುವ ಎಷ್ಟೋ ಮೊದಲೇ ಅದರ ಕುಲದವರು ಇಲ್ಲಿ ಬೇರೂರಿದ್ದರು.

ಇಂಥ ಕಾಡು ವೇಗವಾಗಿ ಹೋಗುವವರಿಗೆ ಏನನ್ನೂ ತೋರಿಸುವುದಿಲ್ಲ. ಮುಂಗಾರಿಗೆ ಮುಂಚಿನ ಬಿಸಿಲಲ್ಲಿ ಒಂದು ಬಂಡೆಯ ಎದುರು ಹತ್ತು ನಿಮಿಷ ಸುಮ್ಮನೆ ಕೂತರೆ ಬಂಡೆ ಓತಿಯ ದರ್ಬಾರು ನೋಡಬಹುದು. ಗಂಡು ಓತಿಯ ತಲೆ, ಬೆನ್ನು ಕುಂಕುಮದಷ್ಟು ಕೆಂಪೇರಿರುತ್ತದೆ, ಪಕ್ಕೆ ಮಸಿ ಬಳಿದಂತೆ ಕಪ್ಪಗಿರುತ್ತದೆ. ಬಂಡೆಯ ನೆತ್ತಿಯ ಮೇಲೆ ನಿಂತು, ಮುಂಗಾಲು ಒತ್ತಿ, ಎದೆ ಎತ್ತಿ ಇಳಿಸಿ ದಂಡ ಹೊಡೆಯುತ್ತದೆ. ಎರಡು ಮಾರು ದೂರದಲ್ಲಿ ಹೆಣ್ಣು ಓತಿ ಇರುತ್ತದೆ. ಅದು ಕಲ್ಲಿನ ಬಣ್ಣಕ್ಕೇ ಇರುವುದರಿಂದ ಅಲುಗಾಡುವವರೆಗೆ ಕಾಣುವುದಿಲ್ಲ. ಇನ್ನೊಂದು ಗಂಡು ಹತ್ತಿರ ಬಂದರೆ ಓಟ, ಅಟ್ಟಾಟ. ಅಷ್ಟರಲ್ಲಿ ಗಿಡುಗದ ನೆರಳು ಬಂಡೆಯ ಮೇಲೆ ಹಾಯ್ದರೆ ಮೂರೂ ಸಂದಿಯೊಳಕ್ಕೆ ಮಾಯ. ಸಂತಾನದ ಕಾಲ ಮುಗಿಯಿತೆಂದರೆ ಆ ಕೆಂಪೂ ಇಲ್ಲ, ಆ ಠೀವಿಯೂ ಇಲ್ಲ. ಜೀಪಿನಲ್ಲಿ ಕೂತು ಚಿರತೆಗಾಗಿ ಕತ್ತು ಚಾಚುವವರಿಗೆ ಈ ನಾಟಕಕ್ಕೆ ಟಿಕೆಟ್ ಸಿಗುವುದಿಲ್ಲ.

ನವಿಲು, ಗೌಜಲಹಕ್ಕಿ, ಮೊಲ, ನರಿ, ಮುಳ್ಳುಹಂದಿ, ಕೋತಿ, ಮುಸಿಯ ಎಲ್ಲವೂ ಇಲ್ಲಿಯ ನಿವಾಸಿಗಳು. ಕೋತಿಗಳು ಊರಿನ ಮೆಟ್ಟಿಲಲ್ಲೇ ಕೂತು ಪುಳಿಯೋಗರೆ ಪೊಟ್ಟಣ ಕಿತ್ತುಕೊಳ್ಳುವ ಕಸುಬಿಗೆ ಇಳಿದು ಬಹಳ ಕಾಲವಾಯಿತು. ಮುಸಿಯಗಳು ಇನ್ನೂ ಆ ಮಟ್ಟಕ್ಕೆ ಇಳಿದಿಲ್ಲ, ಮರದ ಮೇಲೇ ಇರುತ್ತವೆ. ಅವು ಒಮ್ಮೆಲೇ ಕೆಮ್ಮಿದಂಥ ದನಿ ತೆಗೆದು ಕೂಗಿದವೆಂದರೆ ಕೆಳಗೆಲ್ಲೋ ಪೊದೆಯಲ್ಲಿ ಚಿರತೆ ಕದಲಿದೆ ಎಂದು ಹಳಬರು ಹೇಳಿಬಿಡುತ್ತಾರೆ.

ಚಿರತೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತೋಳಕ್ಕೆಂದು ಮೀಸಲಿಟ್ಟ ಸೀಮೆಯಲ್ಲಿ ಇವತ್ತು ಮಾತೆತ್ತಿದರೆ ಚಿರತೆಯ ಸುದ್ದಿ. ತೋಳ ಕಂಡೆ ಎನ್ನುವವರು ಅಪರೂಪ. ತೋಳಕ್ಕೆ ಬೇಕಾದ್ದು ದಟ್ಟ ಮರಗಳ ಕಾಡಲ್ಲ. ಕುರುಚಲು, ಹುಲ್ಲುಗಾವಲು, ಬೀಳು ಹೊಲ, ಅದರ ಮೇಲೆ ಓಡಾಡುವ ಕುರಿಮಂದೆ ಇವೇ ಅದರ ಪ್ರಪಂಚ. ಬಯಲುಸೀಮೆಯಲ್ಲಿ ಕುರುಬರೂ ತೋಳವೂ ಶತಮಾನಗಳ ಕಾಲ ಒಂದೇ ನೆಲದಲ್ಲಿ ಬೈದುಕೊಂಡೇ ಬಾಳಿದವರು. ಈ ಕಡೆ ಮಂಡ್ಯದ ಬಯಲಿಗೆ 1930ರ ದಶಕದಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ ಹರಿದು ಬಂತು. ಇಂದು ಅದನ್ನೇ ವಿಶ್ವೇಶ್ವರಯ್ಯ ನಾಲೆ ಎನ್ನುತ್ತಾರೆ. ಅದರ ಬೆನ್ನಿಗೇ 1933ರಲ್ಲಿ ಮೈಶುಗರ್ ಕಾರ್ಖಾನೆ ಬಂತು, ರಾಗಿ ಹೊಲ ಕಬ್ಬಿನ ಗದ್ದೆಯಾಯಿತು. ಆಳೆತ್ತರದ ಕಬ್ಬು ತೋಳಕ್ಕೆ ಗೋಡೆ, ಚಿರತೆಗೆ ಮನೆ. ಕಟಾವಿನ ಕಾಲದಲ್ಲಿ ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಸಿಕ್ಕಿತೆಂಬ ಸುದ್ದಿ ಮಂಡ್ಯ ಜಿಲ್ಲೆಯಲ್ಲಿ ಈಗ ಹೊಸದೇನಲ್ಲ. ಉಳಿದ ಬೀಳು ನೆಲದ ಮೇಲೆ 1980ರ ದಶಕದ ಸಾಮಾಜಿಕ ಅರಣ್ಯದ ಹುಮ್ಮಸ್ಸಿನಲ್ಲಿ ರಾಜ್ಯದುದ್ದಕ್ಕೂ ನೀಲಗಿರಿ ನೆಟ್ಟರು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಹೇಳುವ ಹೊತ್ತಿಗೆ 2017 ಬಂದಿತ್ತು. ತೋಳದ ನೆಲ ಹೀಗೆ ಎಲ್ಲರ ಕಣ್ಣೆದುರೇ, ಒಂದು ಗುಂಡೂ ಹಾರದೆ, ಚಿರತೆಯ ನೆಲವಾಯಿತು.

ದೇಶದಲ್ಲಿ ಈಗ ಉಳಿದಿರುವ ತೋಳಗಳು ಸುಮಾರು 3,000 ಎಂಬುದು ತಜ್ಞರ ಅಂದಾಜು. ಹುಲಿಯಷ್ಟೇ ಅಪರೂಪದ ಪ್ರಾಣಿ, ಕಾನೂನಿನಲ್ಲೂ ಹುಲಿಯಂತೆ ಮೊದಲ ಪರಿಚ್ಛೇದದ ರಕ್ಷಣೆಯಿದೆ. ಹುಲಿ ಕಾಣೆಯಾದರೆ ವಿಧಾನಸಭೆಯಲ್ಲಿ ಪ್ರಶ್ನೆ ಏಳುತ್ತದೆ, ತೋಳ ಕಾಣೆಯಾದರೆ ಏಳುವುದಿಲ್ಲ. ಮೇಲುಕೋಟೆಯ ಕಾಡಲ್ಲಿ ದಿನವೂ ಕಣ್ಣು ತೆರೆದು ನಡೆಯುವವರು ನಾಲ್ಕು ಜನ ಇದ್ದಿದ್ದರೆ, ಅವರು ಕಂಡದ್ದನ್ನು ಯಾರಾದರೂ ಬರೆದಿಟ್ಟಿದ್ದರೆ, ತೋಳ ಯಾವ ವರ್ಷ ಯಾವ ಮಗ್ಗುಲಿಂದ ಹಿಂದೆ ಸರಿಯಿತೆಂಬ ಲೆಕ್ಕವಾದರೂ ಊರಿನ ಬಳಿ ಇರುತ್ತಿತ್ತು.

ಕಾಡಿನ ಕಥೆ ಇಷ್ಟಾದರೆ, ಇತಿಹಾಸ ಬೇರೆ ಕಡೆ ಇಲ್ಲ. ಇದೇ ಪೊದೆಗಳ ನಡುವೆ ಬಿದ್ದಿದೆ.

ಊರು ಹುಟ್ಟಿದ ಐತಿಹ್ಯವೇ ಒಂದು ಕಾಡಿನ ನಡಿಗೆ. ಚೋಳನ ಕೋಪಕ್ಕೆ ಹೆದರಿ ಹೊಯ್ಸಳರ ನಾಡಿಗೆ ಬಂದ ರಾಮಾನುಜಾಚಾರ್ಯರು ಮೊದಲು ನಿಂತದ್ದು ತೊಣ್ಣೂರಿನಲ್ಲಿ. ಬಿಟ್ಟಿದೇವ ವಿಷ್ಣುವರ್ಧನನಾದ ಕಥೆಗೂ ತೊಣ್ಣೂರಿಗೂ ಗಂಟು ಬಿದ್ದಿದೆ. ಹಣೆಗಿಡುವ ತಿರುಮಣ್ಣು ಮುಗಿದು ಚಿಂತೆಯಲ್ಲಿದ್ದ ಆಚಾರ್ಯರಿಗೆ ಕನಸಾಯಿತಂತೆ: ಯದುಗಿರಿಯ ಕಾಡಲ್ಲಿ, ತುಳಸಿ ಪೊದೆಯ ಬಳಿಯ ಹುತ್ತದೊಳಗೆ ದೇವರಿದ್ದಾನೆ, ಪಕ್ಕದಲ್ಲೇ ಬಿಳಿ ಮಣ್ಣೂ ಇದೆ. ಅವರು ಕಾಡು ಕಡಿಸಿ, ಹುತ್ತ ಕರಗಿಸಿ, ತಿರುನಾರಾಯಣನನ್ನು ಕಂಡರೆಂದು ಭಕ್ತರು ನಂಬುತ್ತಾರೆ. ದೆಹಲಿಯಿಂದ ಉತ್ಸವಮೂರ್ತಿಯನ್ನು ತರುವಾಗ ದಾರಿಯಲ್ಲಿ ಕಾಪಾಡಿದ ದಲಿತರಿಗೆ ಆಚಾರ್ಯರು ತಿರುಕುಲದವರೆಂದು ಹೆಸರಿಟ್ಟು, ವರ್ಷದಲ್ಲಿ ಕೆಲವು ದಿನ ದೇಗುಲ ಪ್ರವೇಶದ ಹಕ್ಕು ಕೊಟ್ಟರೆಂಬ ಪರಂಪರೆಯೂ ಈ ಊರಿನದೇ. ಹನ್ನೆರಡನೆಯ ಶತಮಾನಕ್ಕೆ ಅದು ದೊಡ್ಡ ಮಾತು. ‘ಕೆಲವು ದಿನ’ ಎಂಬ ಮಿತಿಯನ್ನು ಮರೆಯದೆಯೇ ಅದನ್ನು ದೊಡ್ಡದೆನ್ನಬೇಕು.

ಆ ಬಿಳಿ ಮಣ್ಣು ಬರೀ ಕಥೆಯಲ್ಲ. 1800ರಲ್ಲಿ ಟಿಪ್ಪುವಿನ ರಾಜ್ಯ ಬಿದ್ದ ಮರುವರ್ಷ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಮೇಲುಕೋಟೆಗೂ ಬಂದ, ನಾಮದ ಮಣ್ಣಿನ ವಿಷಯವನ್ನೂ ಬರೆದುಕೊಂಡ. ಬೆಳೆ, ಬೆಲೆ, ಜಾತಿ, ಕಲ್ಲು, ಮಣ್ಣು ಎಲ್ಲವನ್ನೂ ಒಂದೇ ಉಸಿರಲ್ಲಿ ಬರೆಯುವ ಗುಮಾಸ್ತನ ಕೈ ಅವನದು. ಕಾಡಿನ ಮಣ್ಣು ಹಣೆಯ ಮೇಲೆ ಏರಿದ ಬಗೆಯನ್ನು ಇಂದಿನ ಪ್ರವಾಸಿಗೆ ಹೇಳಲು ಅಲ್ಲೊಂದು ಫಲಕವೂ ಇಲ್ಲ.

ಬೆಟ್ಟದ ನೆತ್ತಿಯಿಂದ ದಕ್ಷಿಣಕ್ಕೆ ತಿರುಗಿದರೆ ಕೆರೆ, ಕಬ್ಬು, ತೆಂಗಿನ ಸಾಲುಗಳ ನಡುವೆ ಚಿನಕುರಳಿಯ ಬಯಲು. 1771ರಲ್ಲಿ ಹೈದರಾಲಿಯ ಸೈನ್ಯ ಮೇಲುಕೋಟೆಯಿಂದ ಶ್ರೀರಂಗಪಟ್ಟಣದ ಕಡೆಗೆ ರಾತ್ರಿ ಹೊತ್ತು ಹಿಂದೆ ಸರಿಯುವಾಗ ತ್ರಿಯಂಬಕರಾಯನ ಮರಾಠ ಪಡೆ ಅಟ್ಟಿಸಿಕೊಂಡು ಬಂದು ಮುರಿದದ್ದು ಅಲ್ಲಿ. ಗೆದ್ದವರು ಮೇಲುಕೋಟೆಯನ್ನು ದೋಚಿದರು. ದೋಚಲು ಏನೂ ಉಳಿಯದಾದಾಗ ದೇವರ ದೊಡ್ಡ ಮರದ ತೇರುಗಳಿಗೆ ಬೆಂಕಿ ಇಟ್ಟರು. ಸಿಟ್ಟಿಗಲ್ಲ, ದ್ವೇಷಕ್ಕೂ ಅಲ್ಲ, ತೇರಿಗೆ ಬಿಗಿದಿದ್ದ ಕಬ್ಬಿಣದ ಆಸೆಗೆ. ಬೆಂಕಿ ಕೆಲವು ಕಟ್ಟಡಗಳಿಗೂ ಹಬ್ಬಿ ಸುಟ್ಟಿತೆಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ. ಯುದ್ಧವೆಂದರೆ ಹಿಂದೂ ಮುಸ್ಲಿಂ ಎಂದು ಸಲೀಸಾಗಿ ಪಾಲು ಹಂಚುವವರಿಗೆ ಈ ಒಂದು ಘಟನೆ ಸಾಕಷ್ಟು ತಲೆನೋವು ಕೊಡುತ್ತದೆ. ಅದನ್ನು ಬೆಟ್ಟದ ಮೇಲೆ ನಿಂತು, ಬಯಲನ್ನು ಕೈಮಾಡಿ ತೋರಿಸುತ್ತ ಹೇಳಿದರೆ ಪಠ್ಯಪುಸ್ತಕದ ನಾಲ್ಕು ಪುಟಕ್ಕಿಂತ ಚೆನ್ನಾಗಿ ನಾಟುತ್ತದೆ.

ಇನ್ನು ನೀರು. ಸುಮಾರು 3,500 ಅಡಿ ಎತ್ತರದ ಬಂಡೆಯ ಮೇಲೆ, ಹೊಳೆಯಿಲ್ಲದ ಒಣಸೀಮೆಯಲ್ಲಿ ಒಂದು ಊರು, ಅದರ ಪಾಠಶಾಲೆ, ಮಠ, ಛತ್ರ, ಜಾತ್ರೆಗೆ ಸೇರುವ ಸಾವಿರಾರು ಜನ ಇಷ್ಟು ಶತಮಾನ ಬದುಕಿದ್ದು ಹೇಗೆ? ಕೊಳಗಳಿಂದ. ನೂರೆಂಟು ಕೊಳಗಳಿದ್ದವೆಂದು ಊರಿನ ಮಾತು. ನೂರೆಂಟು ಎಂಬುದು ಭಕ್ತಿಯ ಲೆಕ್ಕವಿರಬಹುದು, ಆದರೆ ಕಲ್ಯಾಣಿ, ಅಕ್ಕ ತಂಗಿಯರ ಕೊಳ, ಧನುಷ್ಕೋಟಿಯ ದೊಣೆ ಎಂದು ಎಣಿಸುತ್ತ ಹೋದರೆ ಬೆರಳು ಸಾಲುವುದಿಲ್ಲ. ಪಕ್ಕಪಕ್ಕದಲ್ಲೇ ಇರುವ ಅಕ್ಕ ತಂಗಿಯರ ಕೊಳದಲ್ಲಿ ಒಂದರ ನೀರು ಕುಡಿಯಲು, ಇನ್ನೊಂದರದು ಬಳಸಲು. ಅದಕ್ಕೊಂದು ಜಗಳದ ಕಥೆಯೂ ಇದೆ, ಹೇಳುವವರು ಬದಲಾದಂತೆ ತಪ್ಪೂ ಅಕ್ಕನಿಂದ ತಂಗಿಗೆ ಬದಲಾಗುತ್ತದೆ. ಈ ಕೊಳಗಳಿಗೆ ನೀರು ತುಂಬುವುದು ಮೇಲಿನ ಇಳಿಜಾರಿನ ಬಂಡೆ ಮತ್ತು ಕುರುಚಲು. ಕಾಡು ಬೋಳಾದರೆ ಮಳೆಯ ಜೊತೆ ಮಣ್ಣೂ ಇಳಿದು ಹೂಳು ತುಂಬುತ್ತದೆ. ಕಲ್ಲು ಕಟ್ಟಿದವರಿಗೆ ಇದು ಗೊತ್ತಿತ್ತು. ಕೊಳಕ್ಕೆ ಬಣ್ಣದ ದೀಪ ಹಾಕಿಸುವವರಿಗೂ ಗೊತ್ತಿರಬೇಕಿತ್ತು.

ಈ ನೀರಿನ ತಾಣಗಳನ್ನು ಒಂದಕ್ಕೊಂದು ಪೋಣಿಸಿದ ಕಾಡುದಾರಿಯೊಂದು ಈಗಲೂ ಇದೆ. ಕಾರ್ತಿಕದಲ್ಲಿ ರಾಜಮುಡಿ ಉತ್ಸವದ ಹೊತ್ತಿಗೆ ಅಷ್ಟತೀರ್ಥೋತ್ಸವ ನಡೆಯುತ್ತದೆ. ಕಲ್ಯಾಣಿಯಿಂದ ಹೊರಟು ವೇದಪುಷ್ಕರಿಣಿ, ದರ್ಭತೀರ್ಥ, ಪಲಾಶತೀರ್ಥ, ಯಾದವತೀರ್ಥ, ಪದ್ಮತೀರ್ಥ ಎಂದು ಬೆಟ್ಟವನ್ನು ಬಳಸಿಕೊಂಡು ದೇವರ ಜೊತೆ ಜನ ನಡೆಯುತ್ತಾರೆ. ಕೊನೆಗೆ ವೈಕುಂಠಗಂಗೆ ಸೇರುತ್ತಾರೆ. ಜನ ಅದನ್ನು ಕರೆಯುವುದು ತೊಟ್ಟಿಲಮಡು ಎಂದು, ಜಾತ್ರೆಗೂ ಅದೇ ಹೆಸರು. ಮಕ್ಕಳಾಗಲೆಂದು ಹರಕೆ ಹೊತ್ತ ದಂಪತಿಗಳು ಅಲ್ಲಿ ಮಿಂದು ಬರುತ್ತಾರೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ, ಬುತ್ತಿ ಗಂಟು ಹಿಡಿದು ಹತ್ತಿಳಿಯುವ ಅಜ್ಜಿಯರ ಮುಂದೆ ಮೂವತ್ತು ಸಾವಿರದ ಬೂಟು ತೊಟ್ಟ ಚಾರಣಿಗ ಏದುಸಿರು ಬಿಡಬೇಕಾಗುತ್ತದೆ. ವೈರಮುಡಿಗೆ ಮಂಡ್ಯದ ಖಜಾನೆಯಿಂದ ಕಿರೀಟ ಬರುತ್ತದೆ, ಟಿವಿಯವರು ಬರುತ್ತಾರೆ, ಲಕ್ಷ ಜನ ಸೇರುತ್ತಾರೆ. ತೊಟ್ಟಿಲಮಡುವಿಗೆ ಆ ವೈಭವವಿಲ್ಲ. ಆದರೆ ಕಾಡು, ನೀರು, ಚರಿತ್ರೆ, ನಡಿಗೆ ನಾಲ್ಕನ್ನೂ ಒಟ್ಟು ಹಿಡಿದಿರುವುದು ಅದೇ.

ಹೊಸ ದಾರಿ ಕಡಿಯಬೇಕಿಲ್ಲ ಎಂದದ್ದು ಇದಕ್ಕೇ. ವರ್ಷಕ್ಕೊಮ್ಮೆ ದೇವರು ನಡೆಯುವ ದಾರಿಯಲ್ಲಿ ಮಿಕ್ಕ ದಿನ ಮನುಷ್ಯರು, ಇಷ್ಟಿಷ್ಟೇ ಜನ, ಅಪ್ಪಣೆ ಪಡೆದು ನಡೆದರೆ ಯಾವ ಶಾಸ್ತ್ರಕ್ಕೂ ಭಂಗವಿಲ್ಲ, ಯಾವ ಕಾನೂನಿಗೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ವನ್ಯಜೀವಿಧಾಮದೊಳಗೆ ಅಧ್ಯಯನಕ್ಕೆ, ಛಾಯಾಗ್ರಹಣಕ್ಕೆ, ಪ್ರವಾಸಕ್ಕೆ ಪರವಾನಗಿ ಕೊಡುವ ಅವಕಾಶವಿದೆ.

ಆಕ್ಷೇಪಗಳಿವೆ, ಹುಸಿ ಆಕ್ಷೇಪಗಳೇನಲ್ಲ. ದಾರಿ ತೆರೆದರೆ ಜನ ನುಗ್ಗುತ್ತಾರೆ ಎಂಬುದು ಮೊದಲನೆಯದು. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಜಾತ್ರೆಯಂತೆ ಸೇರಿದ ಸಾವಿರಾರು ಚಾರಣಿಗರ ದೃಶ್ಯವನ್ನು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು. ಸರ್ಕಾರ ಗಾಬರಿಯಾಗಿ ಚಾರಣಕ್ಕೆ ತಡೆ ಹಾಕಿತು. ಆಮೇಲೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು. ಮಿತಿ ಹಾಕಿದ್ದು ಸರಿ. ಆದರೆ ಕುಮಾರಪರ್ವತಕ್ಕೆ ಸಲ್ಲುವ 300 ಎಂಬ ಸಂಖ್ಯೆ ಮೇಲುಕೋಟೆಯಂಥ ಸಣ್ಣ ಕಾಡಿಗೆ ಸಲ್ಲುವುದಿಲ್ಲ, ಮೂವತ್ತೇ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಜನ ಒಂದೇ ಶಿಖರಕ್ಕೆ ಮುಗಿಬೀಳುವುದು ರಾಜ್ಯದಲ್ಲಿ ನಡೆಯಲು ಇರುವ ಜಾಗಗಳೇ ಅಷ್ಟು ಎಂದು ಅವರಿಗೆ ತೋರುತ್ತಿರುವುದರಿಂದ. ಊರೂರಿನ ಪಕ್ಕದ ಕುರುಚಲು ಕಾಡುಗಳು ಸಣ್ಣ ಸಣ್ಣ ಗುಂಪಿಗೆ ತೆರೆದುಕೊಂಡರೆ ಪಶ್ಚಿಮಘಟ್ಟದ ಬೆನ್ನಿನ ಭಾರ ಸ್ವಲ್ಪವಾದರೂ ಇಳಿಯುತ್ತದೆ.

ಪಕ್ಕದ ರಾಜ್ಯಗಳು ಈ ದಿಕ್ಕಿನಲ್ಲಿ ಮುಂದಿವೆ. ತಮಿಳುನಾಡು 2024ರ ಅಕ್ಟೋಬರ್‌ನಲ್ಲಿ 40 ಚಾರಣ ದಾರಿಗಳ ಯೋಜನೆ ಶುರು ಮಾಡಿ, ಕಾಡಂಚಿನ ಹಳ್ಳಿಯ, ಹಾಡಿಯ ಯುವಕರಿಗೆ ತರಬೇತಿ ಕೊಟ್ಟು ಮಾರ್ಗದರ್ಶಿಗಳನ್ನಾಗಿ ಇಟ್ಟುಕೊಂಡಿತು. ಕೇರಳದ ಪೆರಿಯಾರ್ ಇನ್ನೂ ಹಳೆಯ ಉದಾಹರಣೆ. ಕಾಡಿನಿಂದ ದಾಲ್ಚಿನ್ನಿಯ ಜಾತಿಯ ಮರದ ತೊಗಟೆ ಕದ್ದು ಸಾಗಿಸುತ್ತಿದ್ದವರನ್ನೇ 1990ರ ದಶಕದ ಕೊನೆಯಲ್ಲಿ ಒಂದು ಸಮಿತಿ ಮಾಡಿ, ಅವರ ಮೇಲಿದ್ದ ಮೊಕದ್ದಮೆಗಳ ಗೋಜಲು ಬಿಡಿಸಿ, ಪ್ರವಾಸಿಗರನ್ನು ಕಾಡಿಗೆ ಕರೆದೊಯ್ಯುವ ಕೆಲಸಕ್ಕೆ ಹಚ್ಚಲಾಯಿತು. ಕಳ್ಳರ ಒಳದಾರಿಗಳನ್ನೆಲ್ಲ ಬಲ್ಲವರು ಕಾವಲಿಗೂ ನಿಂತರು. ಇಲಾಖೆಯ ಎಷ್ಟು ಗಾರ್ಡುಗಳಿಗೆ ಆ ತಿಳಿವಳಿಕೆ ಇದ್ದೀತು?

ಇಲ್ಲಿ ಮಾತು ಸ್ವಲ್ಪ ಇರಿಸುಮುರಿಸಿನ ಕಡೆಗೆ ಹೊರಳುತ್ತದೆ. ಮೇಲುಕೋಟೆಯ ಕಾಡನ್ನು ಇವತ್ತೂ ದಿನಾ ನಡೆದು ಬಲ್ಲವರು ಕುರಿ ಮೇಕೆ ಕಾಯುವವರು, ಪುಳ್ಳೆ ಸೌದೆ ತರುವ ಹೆಂಗಸರು, ಬೇಲಿ ಮುಳ್ಳಿಗೆ, ಹುಲ್ಲಿಗೆ ಹೋಗುವ ಮುದುಕರು. ಯಾವ ದೊಣೆಯಲ್ಲಿ ಏಪ್ರಿಲ್‌ವರೆಗೆ ನೀರು ನಿಲ್ಲುತ್ತದೆ, ಯಾವ ಗವಿಯಲ್ಲಿ ಮುಳ್ಳುಹಂದಿಯ ಮುಳ್ಳು ಸಿಗುತ್ತದೆ, ಕವಳೆ ಹಣ್ಣು ಮೊದಲು ಕಪ್ಪಾಗುವುದು ಯಾವ ಇಳಿಜಾರಲ್ಲಿ ಎಂಬುದೆಲ್ಲ ಅವರಿಗೆ ಬಾಯಿಪಾಠ. ಇಲಾಖೆಯ ಕಣ್ಣಿಗೆ ಅವರು ಅತಿಕ್ರಮಿಗಳು, ಟಿಕೆಟ್ ಪಡೆದು ಬರುವ ನಗರದವರು ಅತಿಥಿಗಳು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ್ದ ಹಸುವಿನ ಕಳೇಬರ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ಅದರ ಹಿಂದೆಯೇ ಕಾಡಿನಲ್ಲಿ ದನಕುರಿ ಮೇಯಿಸುವುದನ್ನು ನಿಲ್ಲಿಸಬೇಕೆಂದು ಅರಣ್ಯ ಸಚಿವರು ಸೂಚಿಸಿದರು. ರೈತರು, ಕುರಿಗಾಹಿಗಳು ಬೀದಿಗಿಳಿದರು. ಹುಲಿಗೆ ವಿಷ ಹಾಕಿದವರಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡಂಚಿನ ಜನರನ್ನೆಲ್ಲ ಆಚೆ ತಳ್ಳಿ, ಬೇಲಿಯೊಳಗೆ ಕಾಡು ಉಳಿಸುವ ಯೋಚನೆ ತೋಳದ ನೆಲಕ್ಕಂತೂ ಹೊಂದುವುದೇ ಇಲ್ಲ. ಕುರಿ ಹೋದ ಕಡೆ ತೋಳ ಹೋಗುತ್ತದೆ, ಕುರಿಯೇ ಇಲ್ಲದ ಕಡೆ ತೋಳಕ್ಕೆ ಕೆಲಸವಿಲ್ಲ. ಸತ್ತ ಕುರಿಗೆ ಪರಿಹಾರ ಬೇಗ ಸಿಕ್ಕು, ದಾರಿ ತೋರಿಸುವ ಕೂಲಿಯೂ ಸಿಕ್ಕರೆ ಕುರಿ ಕಾಯುವವನಿಗೆ ತೋಳವನ್ನು ಸಹಿಸಿಕೊಳ್ಳಲು ಒಂದು ಕಾರಣವಾದರೂ ಇರುತ್ತದೆ.

ಎರಡನೆಯ ಆಕ್ಷೇಪ ಚಿರತೆಯದು. ಚಿರತೆ ಇರುವ ಕಾಡಿಗೆ ಜನರನ್ನು ಕಾಲ್ನಡಿಗೆಯಲ್ಲಿ ಕಳಿಸುವುದೇ? ಚಿರತೆ ಈಗಾಗಲೇ ಊರಿನ ಹಿತ್ತಿಲಿಗೆ ಬಂದುಹೋಗುತ್ತಿದೆ, ನಾಯಿ ಹಿಡಿಯುತ್ತಿದೆ. ಬೆಳಿಗ್ಗೆ ಏಳರ ನಂತರ ಹೊರಟು ಸಂಜೆ ನಾಲ್ಕರೊಳಗೆ ವಾಪಸಾಗುವುದು, ಗುಂಪು ಬಿಟ್ಟು ಒಬ್ಬರೇ ಅಲೆಯದಿರುವುದು, ಚಿಕ್ಕ ಮಕ್ಕಳನ್ನು ಮುಂದೆ ಓಡಲು ಬಿಡದಿರುವುದು, ಇಷ್ಟು ಕಟ್ಟುಪಾಡು ಊರಿನವರು ತಾವಾಗಿಯೇ ಪಾಲಿಸುತ್ತಾರೆ. ಬಂದವರೂ ಪಾಲಿಸಲಿ. ಕಸ ಮತ್ತು ಬೆಂಕಿಯ ವಿಷಯದಲ್ಲಿ ಮಾತ್ರ ಯಾವ ಮೃದುತ್ವವೂ ಸಲ್ಲದು. ಒಣ ಕುರುಚಲಿಗೆ ಒಂದು ಬೀಡಿ ತುಂಡು ಸಾಕು. ಫೆಬ್ರುವರಿಯಿಂದ ಮುಂಗಾರಿನವರೆಗೆ ದಾರಿ ಮುಚ್ಚಿರಲಿ. ಪ್ರವಾಸಿಗೆ ಬೇಸರವಾದರೆ ಆಗಲಿ. ಬಂಡೆ ಓತಿಯ ದರ್ಬಾರು ನೋಡುವ ಆಸೆಯುಳ್ಳವರು ಆ ತಿಂಗಳುಗಳಲ್ಲಿ ಊರಂಚಿನ ಬಂಡೆಗಳ ಮುಂದೆ ಕೂತು ನೋಡಬಹುದು, ಓತಿಗೆ ವನ್ಯಜೀವಿಧಾಮದ ಗಡಿಯೇನೂ ಗೊತ್ತಿಲ್ಲ.

ಮೇಲುಕೋಟೆಗೆ ತನ್ನ ಬೆಟ್ಟವನ್ನು ಕಣ್ಣಿಟ್ಟು ನೋಡಿದವರ ಕೊರತೆ ಹಿಂದೆ ಇರಲಿಲ್ಲ. ಪು.ತಿ.ನ. ಹುಟ್ಟಿದ್ದು ಇಲ್ಲಿ, 1905ರಲ್ಲಿ. ಮೈಸೂರು ಸೈನ್ಯದ ಕಚೇರಿಯಲ್ಲಿ ಕಡತ ನೋಡಿಕೊಂಡಿದ್ದ ಮನುಷ್ಯ ಊರಿನ ಬೆಟ್ಟವನ್ನೂ ದೇಗುಲವನ್ನೂ ನೆನೆದು ‘ಮಲೆದೇಗುಲ’ ಬರೆದರು. ಅವರ ಮನೆ ಈಗ ಸ್ಮಾರಕವಾಗಿದೆ, ರಾಯಗೋಪುರಕ್ಕೆ ಹೋಗುವ ಜನಸಂದಣಿ ಅದರತ್ತ ತಿರುಗುವುದು ಕಡಿಮೆ. ರಾಯಗೋಪುರಕ್ಕೆ ಮಣಿರತ್ನಂ ಅವರ 2007ರ ‘ಗುರು’ ಚಿತ್ರದ ಮಳೆ ಹಾಡಿನಂಥ ಹಾಡುಗಳ ಪ್ರಚಾರವಿದೆ, ಕವಿಯ ಮನೆಗೆ ಅದಿಲ್ಲ. ನಡಿಗೆಯ ಟಿಕೆಟನ್ನು ಕವಿಯ ಮನೆಯ ಜಗುಲಿಯಲ್ಲೇ ಕೊಟ್ಟರೆ ಒಳಗೆ ಇಣುಕುವವರ ಸಂಖ್ಯೆಯಾದರೂ ಹೆಚ್ಚೀತು. ಸಂಸ್ಕೃತ ಪಾಠಶಾಲೆಯ ಮಕ್ಕಳು, ಸರ್ಕಾರಿ ಶಾಲೆಯ ಮಕ್ಕಳು, ಕುರಿ ಕಾಯುವ ಮನೆಯ ಹುಡುಗರು ಒಂದೇ ಬೆಂಚಿನಲ್ಲಿ ಕೂತು ಹಕ್ಕಿಯ ಹೆಸರು, ಗಿಡದ ಹೆಸರು, ಶಾಸನದ ಒಕ್ಕಣೆ ಕಲಿಯುವ ತರಬೇತಿಯೊಂದು ಮೊದಲು ಆಗಬೇಕು. ಅದಕ್ಕೆ ಕೋಟಿ ರೂಪಾಯಿ ಬೇಡ, ಊರಿನಲ್ಲೇ ಬೇಕಾದಷ್ಟು ಪಂಡಿತರಿದ್ದಾರೆ.

ತೊಟ್ಟಿಲಮಡು ಜಾತ್ರೆ ಕಳೆದ ಮೇಲೆ, ಕಾಡ್ಗಿಚ್ಚಿನ ಕಾಲ ಶುರುವಾಗುವ ಮುಂಚೆ, ಡಿಸೆಂಬರ್ ಮತ್ತು ಜನವರಿಯ ಎರಡು ತಿಂಗಳು ಪ್ರಯೋಗಕ್ಕೆ ಹೇಳಿ ಮಾಡಿಸಿದ ಕಾಲ. ಬಿಸಿಲು ಹದವಾಗಿರುತ್ತದೆ, ಕೊಳಗಳಲ್ಲಿ ನೀರಿರುತ್ತದೆ, ಚಳಿಗಾಲದ ವಲಸೆ ಹಕ್ಕಿಗಳು ಬಂದಿರುತ್ತವೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡು ಗುಂಪು, ಗುಂಪಿಗೆ ಹತ್ತು ಜನ, ಇಬ್ಬರು ಮಾರ್ಗದರ್ಶಿಗಳು. ಟಿಕೆಟಿನ ಹಣದಲ್ಲಿ ಅರ್ಧ ಮಾರ್ಗದರ್ಶಿಗಳಿಗೆ, ಉಳಿದದ್ದು ಕೊಳದ ಹೂಳೆತ್ತಲು ಮತ್ತು ಲಂಟಾನ ಕೀಳಲು. ಪ್ರತಿ ಗುಂಪೂ ಕಂಡ ಪ್ರಾಣಿ, ಹಕ್ಕಿ, ಹೆಜ್ಜೆಗುರುತನ್ನು ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಬೇಕು, ಆ ಪುಸ್ತಕ ಊರಿನ ಗ್ರಂಥಾಲಯದಲ್ಲಿ ಎಲ್ಲರಿಗೂ ಸಿಗುವಂತಿರಬೇಕು. ತೋಳದ ಹೆಸರಿಗೊಂದು ಕಾಲಂ ಇರಲಿ. ಎರಡು ತಿಂಗಳಲ್ಲಿ ಅದು ಖಾಲಿಯೇ ಉಳಿದರೆ ಆ ಮಾತನ್ನೂ ಇಲಾಖೆ ಬರವಣಿಗೆಯಲ್ಲಿ ಒಪ್ಪಿಕೊಂಡು, ಮುಂದಿನ ಹೆಜ್ಜೆ ಏನೆಂದು ಪಾಂಡವಪುರದ ಕುರಿಗಾಹಿಗಳನ್ನೂ ಕೂರಿಸಿಕೊಂಡು ಚರ್ಚಿಸಲಿ.